ಎತ್ತುವ ಕೆಲಸಕ್ಕೆ ಚಿಕ್ಕಮ್ಮ

ಚಿಕ್ಕಮ್ಮನ ಬಲದವಡೆಯ ಕೆಳಗೆ, ಕತ್ತಿನ ಮೇಲೆ, ಒಂದು ರೂಪಾಯಿ ನಾಣ್ಯದಗಲದ ಕಪ್ಪು ಗಟ್ಟಿಚರ್ಮವಿತ್ತು. ಕಬ್ಬಿಣದ ಗುಂಡನ್ನು ಅಲ್ಲಿಗೆ ಒತ್ತಿಕೊಂಡು ಎಸೆದೂ ಎಸೆದೂ ಆದದ್ದು. ಗುಂಡೆಸೆತದಲ್ಲಿ ಗೆದ್ದೇ ಅವಳು ಸರ್ಕಾರಿ ನೌಕರಿ ಹಿಡಿದದ್ದು, ಮೂಡಲಪಾಳ್ಯದಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ ಮಾಡಿ ಒಬ್ಬಳೇ ಇದ್ದದ್ದು. ಅವಳ ಕೈಯ ಅನ್ನ ತಿಂದೇ ನಾನು ಕಾಲೇಜು ಮುಗಿಸಿದೆ.

ಅವಳ ತೋಳು ನೋಡಿದವರು ಎರಡನೇ ಸಲ ನೋಡುತ್ತಿದ್ದರು. ಬಸ್ಸಿನಲ್ಲಿ ಹಿಂದಿನಿಂದ, "ಸಾರ್, ಸ್ವಲ್ಪ ಮುಂದೆ ಹೋಗಿ" ಅನ್ನುವವರು, ತಿರುಗಿದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಹೆಣ್ಣು ನೋಡುವವರು ಬಂದಾಗಲೆಲ್ಲ ಅಜ್ಜಿ ಅವಳಿಗೆ ಸುಡುಬೇಸಿಗೆಯಲ್ಲೂ ಉದ್ದತೋಳಿನ ರವಿಕೆ ಹಾಕಿಸುತ್ತಿದ್ದಳಂತೆ. ಒಬ್ಬಾಕೆ ಕುಂಕುಮ ಕೊಡುವ ನೆಪದಲ್ಲಿ ತೋಳು ಹಿಸುಕಿ ನೋಡಿ, ಕಾಫಿಯನ್ನೂ ಮುಗಿಸದೆ ಎದ್ದು ಹೋದಳು. ಅದನ್ನು ಹೇಳಿಕೊಂಡು ಚಿಕ್ಕಮ್ಮ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ನಗು ನಿಂತ ಮೇಲೆ ತೋಳಿನ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು.

ಬೇಡವೆಂದ ತೋಳು ಕೆಲಸಕ್ಕೆ ಮಾತ್ರ ಎಲ್ಲರಿಗೂ ಬೇಕಿತ್ತು. ಸಿಲಿಂಡರ್ ಮೇಲೆ ತರಬೇಕೆ, ಬೀರು ಸರಿಸಬೇಕೆ, ಬಿದ್ದ ಮುದುಕರನ್ನು ಎಬ್ಬಿಸಬೇಕೆ, ಬೀದಿಯವರೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳೂ ಸೆರಗು ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದಳು. ಕೈ ನೋಯಿತಾ ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ.

ನಮ್ಮಲ್ಲಿ ಮದುಮಗಳನ್ನು ಸೋದರಮಾವ ಎತ್ತಿಕೊಂಡು ಬಂದು ಮಂಟಪದಲ್ಲಿ ಕೂರಿಸುವ ರೂಢಿ. ನನ್ನ ಮದುವೆಯ ದಿನ, ವಿಜಯನಗರದ ಛತ್ರದಲ್ಲಿ, ಮಾವ ಸೊಂಟ ಹಿಡಿದುಕೊಂಡು ಕೂತುಬಿಟ್ಟ. ಪುರೋಹಿತರು ಮುಹೂರ್ತ ಮುಹೂರ್ತ ಎಂದು ಅವಸರಪಡಿಸುತ್ತಿದ್ದರು. ಅಮ್ಮನ ಕಣ್ಣು ಸೀದಾ ತಂಗಿಯ ಮೇಲೆ ಹೋಯಿತು. ಚಿಕ್ಕಮ್ಮ ರೇಷ್ಮೆ ಸೀರೆಯಲ್ಲೇ ನನ್ನನ್ನು ಎತ್ತಿಕೊಂಡಳು. ಗಂಡಿನ ಕಡೆಯ ಹುಡುಗನೊಬ್ಬ, "ಏನ್ ಗುರು ಇದು, ಮಾವನೋ ಅತ್ತೆನೋ!" ಎಂದ. ಛತ್ರವೆಲ್ಲ ನಕ್ಕಿತು. ಚಿಕ್ಕಮ್ಮ ನನ್ನ ಕಿವಿಯಲ್ಲಿ, "ಕತ್ತು ಗಟ್ಟಿಯಾಗ್ ಹಿಡ್ಕೋ ಕಣೇ, ಹೂವು ಬಿದ್ಹೋಗತ್ತೆ" ಎಂದಳು. ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ಭುಜ ಕೈಕೊಟ್ಟಿತು. ಗುಂಡೆಸೆತ ಬಿಟ್ಟಳು, ಹಸಿವು ಬಿಡಲಿಲ್ಲ. ಬಿಗಿಯಾಗಿದ್ದ ತೋಳು ಸಡಿಲವಾಗಿ, ಹೊಟ್ಟೆ ಮುಂದೆ ಬಂತು. ಮೊದಲು ಅವಳನ್ನು ಕಂಡರೆ ದಾರಿ ಬಿಡುತ್ತಿದ್ದವರು ಈಗ ತರಕಾರಿ ಗಾಡಿಯ ಹತ್ತಿರ ನಿಲ್ಲಿಸಿಕೊಂಡು, "ಏನ್ರೀ ಇಷ್ಟು ಊದ್ಕೊಂಡಿದೀರಾ, ಥೈರಾಯ್ಡ್ ಚೆಕ್ ಮಾಡಿಸಿದ್ರಾ?" ಎಂದು ಬುದ್ಧಿ ಹೇಳತೊಡಗಿದರು. ಅಡವಿಟ್ಟುಕೊಂಡವರ ಹಾಗೆ ಅವಳ ಮೈಯ ಮೇಲೆ ಎಲ್ಲರಿಗೂ ಹಕ್ಕು. ಸಿಲಿಂಡರ್ ಎತ್ತಲು ಕರೆಯುವುದನ್ನೇನೂ ನಿಲ್ಲಿಸಲಿಲ್ಲ!

ಒಂದು ಸಂಜೆ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವಾಗಲೇ ನಗುತ್ತಿದ್ದಳು. ವಿಜಯನಗರದಲ್ಲಿ ಮೆಟ್ರೋ ಹತ್ತಿದಾಗ ಕಾಲೇಜು ಹುಡುಗಿಯೊಬ್ಬಳು ಎದ್ದು, "ಕೂತ್ಕೊಳ್ಳಿ ಅಕ್ಕ, ಈ ಟೈಮಲ್ಲಿ ನಿಂತ್ಕೋಬಾರ್ದು" ಎಂದಳಂತೆ.

"ನೀನು ಏನಂದೆ?"

"ಏನನ್ಲಿ? ಪಾಪ, ಜಾಗ ಕೊಟ್ಟಿದಾಳೆ, ನಾಚಿಕೆ ಮಾಡಿಸ್ಬಾರ್ದಲ್ಲ. ಹೊಟ್ಟೆ ಮೇಲೆ ಕೈ ಇಟ್ಕೊಂಡು ಮೆಜೆಸ್ಟಿಕ್‌ವರೆಗೂ ಕೂತೆ."

ನಾನೂ ನಕ್ಕೆ. ಅವಳು ಲೋಟದ ಕಾಫಿ ನೋಡುತ್ತಾ, "ಇಳಿಯೋವಾಗ ಕೈ ಹಿಡ್ಕೊಂಡ್ಲು ಕಣೇ. ಹುಷಾರಾಗಿ ಇಳೀರಿ ಅಂದ್ಲು. ನಂಗೆ ಯಾರೂ ಹಂಗೆ ಅಂದೇ ಇರ್ಲಿಲ್ಲ" ಎಂದಳು. ಅಂದಿನಿಂದ ಅವಳು ನಮ್ಮ ಮನೆಯಿಂದ ಹೊರಟಾಗಲೆಲ್ಲ ಮೆಟ್ಟಿಲ ಹತ್ತಿರ ನಿಂತು ಹುಷಾರಾಗಿ ಇಳಿ ಅನ್ನುತ್ತಿದ್ದೆ. "ನಾನೇನು ಬಸುರೀನಾ?" ಎಂದು ಗದರುತ್ತಿದ್ದಳು. ಆದರೆ ಹೇಳುವುದು ಮರೆತರೆ, ಏನೋ ಮರೆತವಳಂತೆ ಬಾಗಿಲಲ್ಲೇ ತಡೆಯುತ್ತಿದ್ದಳು.

ಹೋದ ವರ್ಷ ನಿದ್ದೆಯಲ್ಲೇ ಹೋದಳು. ಕೆಲಸಕ್ಕೆ ಬರಲಿಲ್ಲವೆಂದು ಆಫೀಸಿನವರು ಫೋನ್ ಮಾಡಿದ ಮೇಲೆಯೇ ನಮಗೆ ಗೊತ್ತಾದದ್ದು. ಅವಳ ಮನೆಯ ಮೆಟ್ಟಿಲು ಕಡಿದಾದದ್ದು, ಇಬ್ಬರು ಜೊತೆಯಲ್ಲಿ ಇಳಿಯುವುದೂ ಕಷ್ಟ. ಎತ್ತುವ ಹೊತ್ತಾದಾಗ ಮಾವನ ಕಣ್ಣು ಅಭ್ಯಾಸದಂತೆ ಸುತ್ತ ಯಾರನ್ನೋ ಹುಡುಕಿತು. ಆಮೇಲೆ ಅವನು ಗೋಡೆಗೆ ಮುಖ ಮಾಡಿ ಅಳತೊಡಗಿದ. ಬೀದಿಯ ಹುಡುಗರು ಬಂದರು. "ಇನ್ನಿಬ್ರನ್ನ ಕರಿ ಮಚ್ಚಾ, ವೆಯ್ಟ್ ಇದೆ" ಎಂದು ಒಬ್ಬ ಮೆಲ್ಲಗೆ ಹೇಳಿದ. ಸಿಟ್ಟು ನೆತ್ತಿಗೇರಿತು, ಆದರೂ ಅವಳನ್ನು ಎತ್ತಿಕೊಳ್ಳುತ್ತಿದ್ದವರು ಅವರೇ.

ಅವರು ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ನನ್ನ ಬಾಯಿಂದ ತಾನಾಗಿ ಬಂತು: "ಹುಷಾರಾಗಿ ಇಳಿ."

"ನಮ್ಗೇನಾಗಲ್ಲ ಬಿಡಿ ಅಕ್ಕ" ಎಂದ ಮುಂದಿದ್ದ ಹುಡುಗ.

ನಾನು ಹೇಳಿದ್ದು ಅವನಿಗಲ್ಲ.