ನೀಲಿ ಬಾಗಿಲಿನ ದಾದಿ

ಪೋಲಿಯೊ ಹನಿ ಹಾಕುವ ಕೆಲಸಕ್ಕೆ ನಾನು ಸೇರಿದ್ದು ಸಮಾಜಸೇವೆಯ ಹುಮ್ಮಸ್ಸಿನಿಂದಲ್ಲ. ಜನಕಪುರಿಯ ನಮ್ಮ ಕನ್ನಡ ಹೆಂಗಸರ ಭಜನಾ ಮಂಡಳಿಗೆ ಒಂದು ಸಂಜೆ ಸುಬೇದಾರರು ಬಂದು, "ಭಾನುವಾರ ಯಾರಿಗೆ ಬಿಡುವಿದೆ?" ಎಂದು ಕೇಳಿದರು. ಉಳಿದವರೆಲ್ಲ ತಾಳ ಎತ್ತಿಡುವುದರಲ್ಲಿ, ಜಮಖಾನೆ ಮಡಿಸುವುದರಲ್ಲಿ ಮುಳುಗಿಹೋದರು. ನನ್ನ ಬಾಯಲ್ಲಿ ಪ್ರಸಾದದ ಬಾಳೆಹಣ್ಣಿತ್ತು. ಅದನ್ನು ನುಂಗುವಷ್ಟರಲ್ಲಿ ಅವರು ನನ್ನ ಮೌನವನ್ನು ಒಪ್ಪಿಗೆಯೆಂದು ತಿಳಿದು, "ಶಾಬಾಶ್" ಅಂದುಬಿಟ್ಟಿದ್ದರು.

ಸುಬೇದಾರರು ಕೊಡಗಿನವರು. ಸೈನ್ಯದಿಂದ ನಿವೃತ್ತರಾಗಿ ನಮ್ಮ ಬ್ಲಾಕಿನಲ್ಲೇ ನೆಲೆಸಿದ್ದರು. ಹನಿ, ಐಸ್ ಡಬ್ಬ ಮತ್ತು ಒಬ್ಬ ನರ್ಸ್ ಸರ್ಕಾರಿ ಡಿಸ್ಪೆನ್ಸರಿಯಿಂದ ಬರುತ್ತಿದ್ದರು. ಜನರನ್ನು ಸೇರಿಸುವುದು, ಮರುದಿನ ಮನೆಮನೆಗೆ ಹೋಗುವುದು ನಮ್ಮಂಥ ಬಡಾವಣೆಯ ಸಂಘಗಳ ಪಾಲಿಗೆ. ಸುಬೇದಾರರು ಬೂತನ್ನು ಗಡಿ ಠಾಣೆಯ ಹಾಗೆ ನಡೆಸುತ್ತಿದ್ದರು. ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಲ್ಲಬೇಕು.

"ಕಂಕುಳಲ್ಲಿರೋ ಕೂಸನ್ನ ಎಲ್ಲಿ ನಿಲ್ಲಿಸಲಿ?" ಎಂದು ಕೇಳಿದೆ.

ಅವರು ಒಂದು ಕ್ಷಣ ಯೋಚಿಸಿ, "ತಾಯಿಯ ಎತ್ತರ ಹಿಡಿಯಿರಿ" ಅಂದರು.

ನನಗೆ ಕೊಟ್ಟಿದ್ದು ಮೈಕಿನ ಕೆಲಸ. ದಿಲ್ಲಿಗೆ ಬಂದು ವರ್ಷಗಳಾಗಿದ್ದರೂ ನನ್ನ ಹಿಂದಿಯಲ್ಲಿ ಗಂಡಸರು ಹೆಂಗಸರಾಗುತ್ತಿದ್ದರು, ಮೇಜು ಕುರ್ಚಿಗಳು ಮನಸ್ಸಿಗೆ ಬಂದ ಲಿಂಗ ಹಿಡಿಯುತ್ತಿದ್ದವು. ಶಾಲೆಗೆ ಹೋಗುತ್ತಿದ್ದ ಮಗಳು ಬಾಲ್ಕನಿಯಿಂದ ನನ್ನ ಘೋಷಣೆ ಕೇಳಿ ಓಡಿಬಂದು, "ಅಮ್ಮಾ, ಪ್ಲೀಸ್, ಮೈಕ್ ಮೇ ಮತ್ ಬೋಲೋ. ನನ್ನ ಫ್ರೆಂಡ್ಸ್ ಎಲ್ಲಾ ಸುನ್ ರಹೇ ಹೈ" ಎಂದು, ಮೈಕಿನಲ್ಲಿ ಮಾತಾಡದಂತೆ ಬೇಡಿಕೊಂಡಳು. ಆದರೆ ನನ್ನ ಹಿಂದಿ ಕೇಳಿ ನಗಲಿಕ್ಕೆಂದೇ ಜನ ಸೇರುತ್ತಿದ್ದುದರಿಂದ ಸುಬೇದಾರರು ಮೈಕನ್ನು ನನ್ನಿಂದ ಕಸಿದುಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವರು ಮುಖ ಗಂಟಿಕ್ಕಿಕೊಂಡು ಬಂದರು. "ಹಿಂದಿನ ಗಲ್ಲಿಯಿಂದ ಒಂದು ಮಗುವೂ ಬಂದಿಲ್ಲ. ದಾದಿ ಬಿಡ್ತಾ ಇಲ್ಲ."

ನಾನು ಪಕ್ಕದಲ್ಲಿದ್ದ ನರ್ಸ್ ಕಡೆ ನೋಡಿದೆ. "ಪಾಪ, ಅವರು ಬೆಳಗಿನಿಂದ ಹನಿ ಹಾಕ್ತಾನೇ ಇದಾರಲ್ಲ, ಊಟಾನೂ ಮಾಡಿಲ್ಲ."

"ಈ ದಾದಿ ಅಲ್ಲಮ್ಮ. ಹಿಂದಿ ದಾದಿ. ಅಜ್ಜಿ."

ನಮ್ಮ ಬ್ಲಾಕಿನ ಬೆನ್ನಿಗೆ ಒಂದು ಹಳೆಯ ಹಳ್ಳಿಯಿತ್ತು. ಊರು ಬೆಳೆದು ಅದನ್ನು ಸುತ್ತುವರಿದಿದ್ದರೂ ಒಳಗೆ ಎಮ್ಮೆಗಳು, ಬೆರಣಿ, ಹುಕ್ಕಾ ಎಲ್ಲ ಮೊದಲಿನಂತೆಯೇ ಇದ್ದವು. ನಾವು ಹಾಲು ತರುತ್ತಿದ್ದುದೂ ಅಲ್ಲಿಂದಲೇ. ಆ ಹಾಲಿನ ಮನೆಯ ಯಜಮಾನಿಯೇ ಈ ದಾದಿ. ಅವಳು ಯಾರಿಗೂ ಬಹುವಚನ ಕೊಟ್ಟವಳಲ್ಲ. ಅವಳ ಬಾಗಿಲು ತೆರೆದರೆ ಗಲ್ಲಿಯ ಬಾಗಿಲೆಲ್ಲ ತೆರೆಯುತ್ತಿದ್ದವು, ಮುಚ್ಚಿದರೆ ಎಲ್ಲವೂ ಮುಚ್ಚುತ್ತಿದ್ದವು.

ಸೋಮವಾರ ನಾವು ಮೆರವಣಿಗೆಯಲ್ಲಿ ಹೋದೆವು. ಡಿಸ್ಪೆನ್ಸರಿಯ ಡಾಕ್ಟರು, ನರ್ಸ್, ಸುಬೇದಾರರು, ಕೊನೆಯಲ್ಲಿ ನಾನು. ದಾದಿ ಅಂಗಳದಲ್ಲಿ ಚಾರಪಾಯಿಯ, ಅಂದರೆ ಹಗ್ಗದ ಮಂಚದ, ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಸೊಸೆಯಂದಿರು ಸೆರಗು ಮುಖದ ಮೇಲೆ ಎಳೆದುಕೊಂಡು ಹಿಂದೆ ನಿಂತಿದ್ದರು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ತಯಾರಿ ಮಾಡಿಕೊಂಡು ಬಂದಿದ್ದರು. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಅಮ್ಮಾಜಿ, ಈ ಹನಿ ಹಾಕಿಸಿದ ಮಕ್ಕಳಿಗೆ ಮುಂದೆ ಮಕ್ಕಳಾಗೋದಿಲ್ಲ ಅನ್ನೋದು ಶುದ್ಧ ಸುಳ್ಳು."

ದಾದಿ ಹುಕ್ಕಾ ಕೆಳಗಿಟ್ಟಳು. "ಹಾಗಂತ ಯಾರು ಹೇಳಿದರು?"

"ಜನ ಹೇಳ್ತಾರೆ."

"ಯಾವ ಜನ? ನಾನಂತೂ ಕೇಳಿಲ್ಲ. ಇನ್ನೇನು ಹೇಳ್ತಾರೆ?"

ಡಾಕ್ಟರಿಗೆ ಹುರುಪು ಬಂತು. ಇದರಿಂದ ಜ್ವರ ಬರುತ್ತದೆ ಅನ್ನುವುದು ಸುಳ್ಳು, ಇದರಲ್ಲಿ ಏನೇನೋ ಕಲಸಿರುತ್ತಾರೆ ಅನ್ನುವುದು ಸುಳ್ಳು ಎಂದು ಒಂದಾದ ಮೇಲೊಂದರಂತೆ ಎಲ್ಲ ವದಂತಿಗಳನ್ನೂ ಎತ್ತಿ ಎತ್ತಿ ಖಂಡಿಸಿದರು. ಸೊಸೆಯಂದಿರ ಸೆರಗುಗಳು ನಿಧಾನವಾಗಿ ಮೇಲೇರಿದವು. ಒಬ್ಬಳು ತನ್ನ ಕೂಸನ್ನು ಎತ್ತಿಕೊಂಡು ಒಳಗೇ ಹೋಗಿಬಿಟ್ಟಳು. ದಾದಿ ಮಾತ್ರ ಎಲ್ಲವನ್ನೂ ಗಮನವಿಟ್ಟು ಕೇಳಿ, "ಚಲೋ, ಹೊಸ ವಿಷಯ ತಿಳೀತು. ಈಗ ಹೊರಡಿ" ಅಂದಳು.

ಮರುದಿನ ಹಾಲು ತರಲು ಹೋದಾಗ ಗಲ್ಲಿಯಲ್ಲೆಲ್ಲ ಅದೇ ಮಾತು. ಒಬ್ಬಾಕೆ ನನ್ನ ಕಿವಿಯಲ್ಲಿ, "ಆ ಹನಿಯಿಂದ ಮಕ್ಕಳಾಗೋದಿಲ್ಲವಂತೆ. ಡಾಕ್ಟರ್ ಬಾಯಿಂದಲೇ ಬಂದ ಮಾತು" ಎಂದಳು. ಹಿಂದಿನ ದಿನದವರೆಗೆ ಆ ಗಲ್ಲಿಯಲ್ಲಿ ಯಾರಿಗೂ ಗೊತ್ತಿಲ್ಲದ ವದಂತಿಗಳನ್ನು ನಾವೇ ಹೋಗಿ ಹಂಚಿ ಬಂದಿದ್ದೆವು. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು.

ಕ್ಯಾನ್ ಹಿಡಿದುಕೊಂಡು ದಾದಿಯ ಬಾಗಿಲಲ್ಲಿ ನಿಂತೆ. ಹಾಲು ಕರೆಯುವುದು ಇನ್ನೂ ಮುಗಿದಿರಲಿಲ್ಲ. ನೀಲಿ ಬಣ್ಣದ ಎರಡು ಬಾಗಿಲ ಹಲಗೆಗಳು, ಒಂದರ ಮೇಲೆ ಹನುಮಂತನ ಹಳೆಯ ಕ್ಯಾಲೆಂಡರು. ಗೋಡೆಯ ಮೇಲಿರಬೇಕಾದ ಕ್ಯಾಲೆಂಡರು ಬೀದಿಬಾಗಿಲ ಹೊರಗೆ ಯಾಕಿದೆ ಎಂದು ಕುತೂಹಲವಾಯಿತು.

"ದಾದಿ, ಹನುಮಾನ್‌ಜೀ ಬಾಹರ್ ಕ್ಯೋಂ ಖಡೀ ಹೈ?"

ಹನುಮಂತನನ್ನು ನಾನು ಹೆಂಗಸು ಮಾಡಿದ್ದಕ್ಕೆ ದಾದಿ ನಕ್ಕಳೋ ಬೈದಳೋ ತಿಳಿಯಲಿಲ್ಲ. ಎದ್ದು ಬಂದು ಕ್ಯಾಲೆಂಡರನ್ನು ಮೇಲೆತ್ತಿದಳು. ಕೆಳಗೆ ಬಣ್ಣದೊಳಗೇ ಹೂತುಹೋದ ದೊಡ್ಡದೊಂದು ಕತ್ತರಿ ಗುರುತು.

ಮನೆಮನೆಗೆ ಹೋಗುವ ತಂಡದವರು, ಹನಿ ಹಾಕಿ ಮುಗಿಸಿದ ಮನೆಗೆ ಒಂದು ಗುರುತು, ಮಕ್ಕಳು ಸಿಗದ ಮನೆಗೆ ಕತ್ತರಿ ಗುರುತು ಎಂದು ಬಳಪದಿಂದ ಬರೆಯುವುದು ವಾಡಿಕೆ. ಹಿಂದಿನ ವರ್ಷ ಕಿರಿಯ ಮಗನ ಮದುವೆಗೆಂದು ದಾದಿ ಬಾಗಿಲಿಗೆ ಹೊಸ ಬಣ್ಣ ಬಳಿಸಿದ್ದಳು. ಅದು ಇನ್ನೂ ಹಸಿಯಾಗಿದ್ದಾಗ, ಮನೆಯವರೆಲ್ಲ ಜವಳಿ ತರಲು ಹೋಗಿದ್ದ ಹೊತ್ತಿನಲ್ಲಿ, ನಮ್ಮವರು ಕತ್ತರಿ ಎಳೆದುಹೋಗಿದ್ದರು. ಗುರುತು ಬಣ್ಣದ ಜೊತೆಗೇ ಒಣಗಿತು. ಆಗ ದಿಲ್ಲಿಯಲ್ಲಿ ಅಕ್ರಮ ಕಟ್ಟಡ ಕೆಡವುವ ಮಾತೇ ಮಾತು. ಬೀಗರು ಬಂದವರು ಬಾಗಿಲು ನೋಡಿ, ಈ ಮನೆ ಕಾರ್ಪೊರೇಶನ್ನಿನವರು ಕೆಡವಲಿರುವ ಮನೆ ಎಂದು ತೀರ್ಮಾನಿಸಿದರು.

"ಹುಡುಗಿಯ ಅಪ್ಪ ನನ್ನ ಚಾರಪಾಯಿ ಮೇಲೆ ಕೂತು, 'ಬುಲ್ಡೋಜರ್ ಮದುವೆಗೆ ಮೊದಲು ಬರುತ್ತಾ, ಆಮೇಲೆ ಬರುತ್ತಾ?' ಅಂತ ಕೇಳಿದ" ಎಂದಳು ದಾದಿ. "ಆಣೆ ಮಾಡಿ ಮದುವೆ ಉಳಿಸಿಕೊಂಡೆ. ಒಬ್ಬರಾದರೂ ಬಂದು ತಪ್ಪಾಯಿತು ಅಂದಿರಾ?"

"ಅದಕ್ಕೆ ಮೊಮ್ಮಕ್ಕಳಿಗೆ ಹನಿ ಬೇಡ ಅಂದಿರಾ?"

ದಾದಿ ಒಳಗೆ ಕೂಗಿ ಪುಟ್ಟ ಮೊಮ್ಮಗಳೊಬ್ಬಳನ್ನು ಕರೆಸಿ, ಅವಳ ಎಡಗೈ ಕಿರುಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು. ಉಗುರಿನ ಮೇಲೆ, ಹನಿ ಹಾಕಿಸಿಕೊಂಡ ಮಕ್ಕಳಿಗೆ ಹಚ್ಚುವ ಶಾಯಿಯ ಹೊಸ ಕಪ್ಪು ಗುರುತು.

"ಮಗಳ ಊರಿಗೆ ಕರಕೊಂಡು ಹೋಗಿ ಹಾಕಿಸಿದೆ, ಎಲ್ಲರಿಗೂ. ನನ್ನ ಭಾವನ ಮಗ ಕಾಲೆಳೆದುಕೊಂಡೇ ಬೆಳೆದ. ಅವನನ್ನ ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟವಳು ನಾನು. ಆ ಛೋಕರಾ ಡಾಕ್ಟರ್ ನನಗೆ ಹೇಳಿಕೊಡ್ತಾನಾ? ಹನಿ ಬೇಕು. ನಿಮ್ಮ ಕೈಯಿಂದ ಬೇಡ."

ನಾನು ಕ್ಯಾನ್ ಮುಂದೆ ಹಿಡಿದೆ. ಕ್ಯಾನಿಗೆ ಹಾಲು ಹಾಕುವಾಗ ಅವಳು ದಿನಕ್ಕಿಂತ ಸ್ವಲ್ಪ ಹೆಚ್ಚೇ ಹಾಕಿದಳೆಂದು ಮಾತ್ರ ನೆನಪಿದೆ.

ಸುಬೇದಾರರಿಗೆ ಹೇಳಿದೆ. ಅವರು ನಗಲಿಲ್ಲ. "ಗಲೀಜು ಮಾಡಿದ್ದು ನಮ್ಮ ತಂಡ. ಸರಿ ಮಾಡೋದೂ ನಮ್ಮದೇ ಡ್ಯೂಟಿ" ಎಂದು ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೀಲಿ ಪೇಂಟಿನ ಡಬ್ಬ, ಬ್ರಶ್ ಹಿಡಿದು ದಾದಿಯ ಬಾಗಿಲಲ್ಲಿ ಹಾಜರಾದರು. ದಾದಿಗೆ ಸೆಲ್ಯೂಟ್ ಹೊಡೆದು, ತಪ್ಪಾಯಿತೆಂದು ಹೇಳಿ, ಕತ್ತರಿಯ ಮೇಲೆ ಬಣ್ಣ ಬಳಿದರು.

"ಫೌಜಿ, ಇದು ಆ ನೀಲಿ ಅಲ್ಲ" ಅಂದಳು ದಾದಿ.

ನಿಜವೇ. ಒಂದು ಹಲಗೆ ಆಕಾಶದ ಹಾಗೆ, ಇನ್ನೊಂದು ಶಾಯಿಯ ಹಾಗೆ ಕಾಣುತ್ತಿತ್ತು. ಇನ್ನೊಂದನ್ನೂ ಬಳಿದರು. ಆಗ ಚೌಕಟ್ಟು ಮಂಕಾಗಿ ಕಂಡಿತು. ಚೌಕಟ್ಟಾದ ಮೇಲೆ ಕಿಟಕಿ. ಮಧ್ಯೆ ಡಬ್ಬ ಖಾಲಿಯಾಗಿ ನಾನು ರಿಕ್ಷಾ ಹತ್ತಿ ಅಂಗಡಿಗೆ ಹೋಗಿ ಬಂದೆ. ದಾದಿ ಚಾರಪಾಯಿಯನ್ನು ಬೀದಿಗೇ ಎಳೆಸಿಕೊಂಡು, "ಅಲ್ಲಿ ಬಿಟ್ಟೆ, ಇಲ್ಲಿ ಸುರಿಸಿದೆ" ಎಂದು ಮೇಲ್ವಿಚಾರಣೆ ಮಾಡಿದಳು. ಗಲ್ಲಿಯ ಹೆಂಗಸರೆಲ್ಲ ಕೆಲಸ ಬಿಟ್ಟು ನೋಡಲು ನಿಂತರು. ಸಂಜೆಯ ಹೊತ್ತಿಗೆ ಮನೆಯ ಮುಂಭಾಗವೆಲ್ಲ ನೀಲಿಯಾಗಿತ್ತು, ಸುಬೇದಾರರ ಮೀಸೆಯೂ ಅಲ್ಲಲ್ಲಿ ನೀಲಿಯಾಗಿತ್ತು. ಸೊಸೆಯೊಬ್ಬಳು ದೊಡ್ಡ ಲೋಟದಲ್ಲಿ ಹಾಲು ತಂದುಕೊಟ್ಟಳು. ಕುಡಿದು ಮುಗಿಸುವವರೆಗೂ ದಾದಿ ಅವರನ್ನು ಏಳಗೊಡಲಿಲ್ಲ.

ಮುಂದಿನ ಸುತ್ತಿನ ಭಾನುವಾರ ನಾನು ಮೈಕ್ ಕೈಗೆತ್ತಿಕೊಳ್ಳುವ ಮೊದಲೇ ದಾದಿ ಬೂತಿಗೆ ಬಂದಳು. ಹಿಂದೆ ಅವಳ ಚಾರಪಾಯಿ ಹೊತ್ತ ಇಬ್ಬರು ಗಂಡುಮಕ್ಕಳು, ಅವರ ಹಿಂದೆ ಸೊಸೆಯಂದಿರು, ಅವರ ಹಿಂದೆ ಇಡೀ ಗಲ್ಲಿ. ಹೊಸದಾಗಿ ತಾಯಿಯಾದ ಒಬ್ಬಳು ಮಕ್ಕಳಾಗೋದಿಲ್ಲವೆಂಬ ವದಂತಿಯ ಬಗ್ಗೆ ಪಿಸುಗುಟ್ಟಿದಾಗ ದಾದಿ ತನ್ನ ಮೊಮ್ಮಕ್ಕಳ ಅಪ್ಪಂದಿರನ್ನು ತೋರಿಸಿ, "ಈ ಕತ್ತೆಗಳಿಗೆ ಸ್ಕೂಲಿನ ಲಸಿಕೆ ಒಂದೂ ತಪ್ಪಿಸಿಲ್ಲ. ನನ್ನ ಅಂಗಳ ನೋಡು, ಕಾಲಿಡಲು ಜಾಗವಿಲ್ಲ" ಎಂದಳು. ಎತ್ತರದ ಸಾಲನ್ನು ಅವಳು ಒಂದೇ ಮಾತಿನಲ್ಲಿ ರದ್ದು ಮಾಡಿದಳು. ಅಳುವ ಮಗುವಿಗೆ ಮೊದಲು, ನಗುವ ಮಗುವಿಗೆ ಆಮೇಲೆ. ಹನಿ ಹಾಕಿಸಿಕೊಂಡ ಮಕ್ಕಳಿಗೆ ಪೀಪಿ ಹಂಚುವ ಕೆಲಸ ಸುಬೇದಾರರಿಗೆ ಸಿಕ್ಕಿತು. ಅವರು ಅದನ್ನೂ ಶಿಸ್ತಿನಿಂದಲೇ ಮಾಡಿದರು.

ಹನ್ನೊಂದರ ಸುಮಾರಿಗೆ ಮೇಲಿನ ಅಧಿಕಾರಿಯೊಬ್ಬರು ಜೀಪಿನಲ್ಲಿ ತಪಾಸಣೆಗೆ ಬಂದರು. ಸುತ್ತ ನೋಡಿ, "ಈ ಬೂತಿಗೆ ಯಾರು ಇನ್‌ಚಾರ್ಜ್?" ಎಂದು ಕೇಳಿದರು.

ಡಾಕ್ಟರು ಸುಬೇದಾರರ ಕಡೆ ನೋಡಿದರು. ಸುಬೇದಾರರು ಕೈತುಂಬ ಪೀಪಿ ಹಿಡಿದುಕೊಂಡೇ ನೆಟ್ಟಗೆ ನಿಂತು, ಗದ್ದ ಎತ್ತಿ ಚಾರಪಾಯಿಯ ಕಡೆ ತೋರಿಸಿದರು. ದಾದಿ ಅಧಿಕಾರಿಯನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿ, "ಅಲ್ಲಿ ದಾರಿಗಡ್ಡವಾಗಿ ನಿಲ್ಲಬೇಡ, ಮಕ್ಕಳು ಬರ್ತಿವೆ. ಇಲ್ಲಿ ಕೂತು ಚಾಯ್ ಕುಡಿ" ಎಂದು ಚಾರಪಾಯಿಯ ತುದಿಯಲ್ಲಿ ಸ್ವಲ್ಪ ಜಾಗ ಮಾಡಿಕೊಟ್ಟಳು.