ಒಂದೇ ಡಬ್ಬಿಯಲ್ಲಿ ಚಕ್ಕುಲಿ, ಹೋಳಿಗೆ

ಮರಳೂರಿನ ಸರಸ್ವತಮ್ಮನ ಚಕ್ಕುಲಿ ಮುರಿದರೆ ಪಕ್ಕದ ಮನೆಗೆ ಕೇಳಬೇಕು. ಕೇಳದಿದ್ದರೆ ಅದು ಅವರು ಕರಿದದ್ದೇ ಅಲ್ಲ. ಬೆಣ್ಣೆ ಎಷ್ಟು ಅಂತ ಕೇಳಿದವರಿಗೆಲ್ಲ "ಬೇಕಾದಷ್ಟು" ಅನ್ನುತ್ತಲೇ ಅರವತ್ತು ದಾಟಿದವರು. ಇಂಥವರ ಚಕ್ಕುಲಿಯನ್ನು ಮಗಳ ಮದುವೆಯಲ್ಲಿ ಗುಬ್ಬಿಯ ಬೀಗಿತ್ತಿ ಸರ್ವಮಂಗಳಮ್ಮ "ಪರವಾಗಿಲ್ಲ" ಅಂದುಬಿಟ್ಟಿದ್ದರು. ಪರವಾಗಿಲ್ಲವಂತೆ! ಈಗ ಬೀಗರ ಮನೆಯಲ್ಲೇ ಮಗಳು ಸಂಹಿತಾಳ ಸೀಮಂತ. ಆ ಮಾತು ವಾಪಸ್ ತೆಗೆಸದೆ ಬಿಟ್ಟಾರೆಯೇ?

ಹೊರಡುವ ಹಿಂದಿನ ದಿನ ನೋಡಿದರೆ ಒಂದು ಡಬ್ಬಿಯ ಮುಚ್ಚಳ ಸೊಟ್ಟ. ಸರಿ, ರಬ್ಬರ್ ಪಟ್ಟಿಯ ದೊಡ್ಡ ಡಬ್ಬಿಯಲ್ಲೇ ಕೆಳಗೆ ಕಾಯಿಹೋಳಿಗೆ, ಮೇಲೆ ಚಕ್ಕುಲಿ ಜೋಡಿಸಿದರು.

ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಸೊಸೆ ಅಪರ್ಣ ಇಣುಕಿದಳು. "ಅತ್ತೆ, ಬೇರೆಬೇರೆ ಇಡಿ. ಚಕ್ಕುಲಿ ಮೆತ್ತಗಾಗುತ್ತೆ."

"ಒಂದು ಚೂರು ಗಾಳಿ ಹೋಗಲ್ಲ ಕಣೇ ಇದರೊಳಗೆ!"

"ಹೊರಗಿನ ಗಾಳಿ ಯಾಕೆ ಬೇಕು? ಹೋಳಿಗೆಯ ಪಸೆ ಚಕ್ಕುಲಿಗೆ ಹೋಗ್ತಾ ಇರುತ್ತೆ, ಎರಡರ ಎಳೆದಾಟ ಸಮ ಆಗೋವರೆಗೂ. ಇಟ್ಟ ಕಾಫಿ ಆರೋ ಹಾಗೆ, ಯಾರೂ ತಳ್ಳಬೇಕಾಗಿಲ್ಲ."

"ಪಾಠ ಹುಡುಗರಿಗೆ ಹೇಳು, ಹೋಗು," ಅಂದು ಸರಸ್ವತಮ್ಮ ಮುಚ್ಚಳ ಅದುಮಿದರು.

ಮಾರನೆಯ ಬೆಳಿಗ್ಗೆ ಬೀಗರ ಅಡುಗೆಮನೆಯಲ್ಲಿ ಡಬ್ಬಿ ತೆಗೆದು ಒಂದು ಚಕ್ಕುಲಿ ಮುರಿಯಹೋದರು. ಅದು ಹಗ್ಗದ ಹಾಗೆ ಬಾಗಿತು! ಹೋಳಿಗೆಯ ಅಂಚೋ, ಒಣಗಿ ಹಪ್ಪಳ.

"ಏನ್ರೀ, ತಟ್ಟೆ ಇನ್ನೂ ರೆಡಿ ಆಗ್ಲಿಲ್ವಾ?" ನಡುಮನೆಯಿಂದ ಸರ್ವಮಂಗಳಮ್ಮನ ದನಿ.

"ಬಂದೆ, ಬಂದೆ!" ಅಂದ ಸರಸ್ವತಮ್ಮ ಬಾಗಿದ ಚಕ್ಕುಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಜೊತೆಗೆ ಬಂದಿದ್ದ ಅಪರ್ಣ ಸಣ್ಣ ಉರಿಯಲ್ಲಿ ಬಾಣಲೆ ಇಟ್ಟು ಚಕ್ಕುಲಿ ಬೆಚ್ಚಗೆ ಮಾಡತೊಡಗಿದಳು. "ತಾನಾಗಿ ಬಂದ ಪಸೆ ತಾನಾಗಿ ಹೋಗಲ್ಲ ಅತ್ತೆ. ಗ್ಯಾಸ್ ಉರಿಸಿ ಓಡಿಸ್ಬೇಕು."

ಆರಿದ ಮೇಲೆ ಒಂದನ್ನು ಮುರಿದಳು. ಕಟಂ!

ಸರಸ್ವತಮ್ಮನಿಗೆ ಉಸಿರು ಬಂತು. "ಹೋಳಿಗೆನೂ ಬಿಸಿ ಮಾಡೇ."

"ಇನ್ನೂ ಒಣಗುತ್ತೆ."

ಸರಸ್ವತಮ್ಮ ಕೈಯಲ್ಲಿದ್ದ ಹೋಳಿಗೆಯನ್ನೊಮ್ಮೆ, ಒಲೆಯ ಪಕ್ಕದ ಹಾಲಿನ ಪಾತ್ರೆಯನ್ನೊಮ್ಮೆ ನೋಡಿದರು. "ಹಾಗಾದ್ರೆ ಪಸೆ ಜಾಸ್ತಿ ಇರೋ ಕಡೆ ಬಿಟ್ರೆ, ತಾನೇ ಎಳ್ಕೊಳ್ಳುತ್ತೆ ತಾನೇ? ಇದಕ್ಕೆ ನಿನ್ನ ಗ್ಯಾಸ್ ಬೇಡ ಕಣೇ!" ಅನ್ನುತ್ತಾ ಅಗಲವಾದ ತಟ್ಟೆಗೆ ಹಾಲು ಸುರಿದು, ಏಲಕ್ಕಿ ಉದುರಿಸಿ, ಹೋಳಿಗೆ ಇಳಿಬಿಟ್ಟರು.

ಸರ್ವಮಂಗಳಮ್ಮ ಚಕ್ಕುಲಿ ಕಡಿದ ಸದ್ದಿಗೆ ಹಸೆಯ ಮೇಲಿದ್ದ ಸಂಹಿತಾ ತಿರುಗಿ ನೋಡಿದಳು. ಆಮೇಲೆ ಬೀಗಿತ್ತಿ ಎರಡನೆಯ ಹೋಳಿಗೆಗೆ ಕೈಹಾಕುತ್ತಾ ಕೇಳಿದರು: "ಹಾಲಲ್ಲಿ ನೆನೆಸೋದು ನಿಮ್ಮ ಮನೆ ಪದ್ಧತಿನಾ? ಬಲು ಚೆನ್ನಾಗಿದೆ ಕಣ್ರೀ."

"ಹೂಂ," ಅಂದರು ಸರಸ್ವತಮ್ಮ, ಸೊಸೆಯ ಕಾಲು ಮೆಲ್ಲಗೆ ತುಳಿದು. "ನಮ್ಮ ಸೊಸೆ ಬಂದಾಗಿಂದ."