ಹನ್ನೊಂದು ದಿನ ಕದಲದ ಜಾಬ್

ಸಂಶೋಧನಾ ಸಂಸ್ಥೆಯ ಗಣಕ ಕೇಂದ್ರದಲ್ಲಿ ಎಲ್ಲರೂ ಆಕೆಯನ್ನು ‘ಸರದಿ ಮೇಡಂ’ ಎಂದೇ ಕರೆಯುತ್ತಿದ್ದರು. ಅರವತ್ತನಾಲ್ಕು ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆದ ಕ್ಲಸ್ಟರ್ ಅದು. ಸಂಶೋಧಕರು ತಮ್ಮ ದೊಡ್ಡ ಗಣನೆಗಳನ್ನು, ಅಲ್ಲಿನವರ ಮಾತಿನಲ್ಲಿ ಜಾಬ್‌ಗಳನ್ನು, ಅದಕ್ಕೆ ಒಪ್ಪಿಸುತ್ತಿದ್ದರು. ಯಾವ ಜಾಬ್ ಯಾವಾಗ, ಯಾವ ಯಂತ್ರಗಳ ಮೇಲೆ ಓಡಬೇಕೆಂಬುದನ್ನು ಶೆಡ್ಯೂಲರ್ ಎಂಬ ತಂತ್ರಾಂಶ ಗೊತ್ತುಮಾಡುತ್ತಿತ್ತು. ಆ ಶೆಡ್ಯೂಲರ್ ಹಟ ಹಿಡಿದಾಗ ಅದರ ಹಟ ಬಿಡಿಸುವುದು ಹತ್ತೊಂಬತ್ತು ವರ್ಷಗಳಿಂದ ಆಕೆಯ ಕೆಲಸ. ಹತ್ತೊಂಬತ್ತೂ ವರ್ಷ ಗುತ್ತಿಗೆಯ ಮೇಲೆ. ಈ ವರ್ಷ ಮೊದಲ ಬಾರಿಗೆ ಒಂದೇ ಒಂದು ಕಾಯಂ ಹುದ್ದೆ ಮಂಜೂರಾಗಿತ್ತು. ಅದಕ್ಕೆ ಎರಡು ಹೆಸರುಗಳಿದ್ದವು: ಆಕೆಯದು, ಮತ್ತು ಮೂರು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಆಕೆಯೇ ಕೆಲಸ ಕಲಿಸಿದ ಕಿರಿಯಳದು. ಶಿಫಾರಸು ಬರೆಯಬೇಕಾದವರು ನಿರ್ದೇಶಕರು.

ಆ ನಿರ್ದೇಶಕರ ಜಾಬೇ ಸರದಿಯಲ್ಲಿ ಸಿಕ್ಕಿಬಿದ್ದಿತ್ತು.

ನಿರ್ದೇಶಕರದೆಂದ ಮೇಲೆ ಅದು ಸರದಿಯ ತಲೆಯಲ್ಲಿತ್ತು. ಅದು ಹದಿನಾರು ಯಂತ್ರಗಳನ್ನು ಒಟ್ಟಿಗೆ ಕೇಳಿತ್ತು. ಯಾವ ಯಂತ್ರ ಬಿಡುವಾದರೂ ಶೆಡ್ಯೂಲರ್ ಅದನ್ನು ಈ ಜಾಬಿಗೆಂದು ಎತ್ತಿಡುತ್ತಿತ್ತು, ಆದರೆ ಹದಿನಾರಕ್ಕಿಂತ ಹೆಚ್ಚು ಸೇರಿದರೂ ಜಾಬ್ ಮಾತ್ರ ಹೊರಡುತ್ತಿರಲಿಲ್ಲ. ಆರನೆಯ ದಿನದ ಹೊತ್ತಿಗೆ ನಲವತ್ತು ಯಂತ್ರಗಳು ಕೈಕಟ್ಟಿ ಕುಳಿತಿದ್ದವು. ಹಿಂದೆ ಮುನ್ನೂರು ಜಾಬ್‌ಗಳು ಸಾಲುಗಟ್ಟಿದ್ದವು. ಪರದೆಯ ಮೇಲಿದ್ದ ಕಾರಣ ಒಂದೇ ಸಾಲು: ‘ಸಂಪನ್ಮೂಲಕ್ಕಾಗಿ ಕಾಯುತ್ತಿದೆ’.

“ಏನು ಮೇಡಂ, ನಿಮ್ಮ ಯಂತ್ರಗಳು ಮುಷ್ಕರ ಹೂಡಿದಾವಾ?” ನಿರ್ದೇಶಕರು ಬಾಗಿಲಲ್ಲೇ ನಿಂತು ಕೇಳಿದರು. ಜೊತೆಗೆ ಹೊರಗಿನ ಇಬ್ಬರು ಅತಿಥಿಗಳಿದ್ದರು.

“ನೋಡ್ತಾ ಇದೀನಿ ಸರ್.”

“ನೋಡೋಕೆ ಕಾವಲುಗಾರ ಸಾಕಲ್ವಾ? ನಿಮ್ಮನ್ನ ಇಟ್ಕೊಂಡಿರೋದು ಯಾಕೆ?” ಅತಿಥಿಗಳು ನಕ್ಕರು. “ಸೋಮವಾರದೊಳಗೆ ಓಡ್ಬೇಕು. ಶಿಫಾರಸು ನಾನು ಮಂಗಳವಾರ ಬರೀತೀನಿ.”

ವಿದ್ಯಾರ್ಥಿಯೊಬ್ಬನ ಜಾಬ್ ನಿಂತಿದ್ದರೆ ಆಕೆಯ ಮೊದಲ ಮಾತು ಯಾವಾಗಲೂ ಒಂದೇ: “ಏನು ಕೇಳಿದೀಯ, ತೋರಿಸು.” ಹತ್ತರಲ್ಲಿ ಒಂಬತ್ತು ಸಲ ತಪ್ಪು ಅಲ್ಲೇ ಇರುತ್ತಿತ್ತು. ನಿರ್ದೇಶಕರಿಗೆ ಆ ಮಾತನ್ನು ಆಕೆ ಹೇಳಲಿಲ್ಲ. ಕ್ಲಸ್ಟರ್ ಬಳಸುವ ಬಗೆಯನ್ನು ಎಲ್ಲರಿಗೂ ಕಲಿಸುವ ಕೈಪಿಡಿ ಬರೆದವರೇ ಅವರು. ತಪ್ಪು ಯಂತ್ರಗಳಲ್ಲೇ ಇರಬೇಕೆಂದು ನಂಬಿ, ಅರವತ್ತನಾಲ್ಕನ್ನೂ ಒಂದೊಂದಾಗಿ ಶೋಧಿಸತೊಡಗಿದಳು. ಕೇಬಲ್ಲುಗಳನ್ನು ಕಿತ್ತು ಮತ್ತೆ ಚುಚ್ಚಿದಳು. ಗಡಿಯಾರಗಳನ್ನು ಹೋಲಿಸಿದಳು; ಒಂದು ಯಂತ್ರದ ಗಡಿಯಾರ ಉಳಿದವುಗಳಿಗಿಂತ ಹಿಂದೆ ಬಿದ್ದಿದ್ದರೆ ಉಳಿದವು ಅದರ ಮಾತನ್ನು ನಂಬುವುದಿಲ್ಲ. ಇಪ್ಪತ್ತೇಳನೆಯದು ಆರು ನಿಮಿಷ ಹಿಂದಿತ್ತು. ಸಿಕ್ಕಿತೆಂದು ಹಿಗ್ಗಿ, ಸರಿಪಡಿಸಿ, ಪರದೆಯನ್ನೇ ನೋಡುತ್ತ ಕಾದಳು. ಜಾಬ್ ಕದಲಲಿಲ್ಲ. ತಣ್ಣನೆಯ ಗಾಳಿ ಊದುವ ಆ ಕೋಣೆಯಲ್ಲಿ ನಾಲ್ಕು ದಿನ ನಿಂತು ಆಕೆಯ ಪಾದಗಳು ಬಾತುಕೊಂಡವು.

“ಮೇಡಂ, ಸರ್ ಬರೆದಿರೋ ಕೋರಿಕೇನ ಒಮ್ಮೆ ನೋಡಿದ್ರಾ?” ಎಂದು ಕಿರಿಯಳು ಒಂಬತ್ತನೆಯ ದಿನ ಕೇಳಿದ್ದಳು.

“ಅವರಿಗೆ ನಾನು ಪಾಠ ಹೇಳಲಾ?” ಎಂದು ಆಕೆ ಸಿಡುಕಿದ್ದಳು.

ಹತ್ತನೆಯ ದಿನ, ಬೇರೆಲ್ಲವೂ ಮುಗಿದ ಮೇಲೆ, ಆಕೆ ಕೋರಿಕೆಯನ್ನು ತೆರೆದಳು. ಯಂತ್ರವೊಂದಕ್ಕೆ ಇನ್ನೂರ ಐವತ್ತಾರು ಜಿಬಿ ಮೆಮೊರಿ ಎಂದಿತ್ತು. ಪ್ರತಿ ಯಂತ್ರದ ಮೈಮೇಲೆ ಅಂಟಿಸಿದ ಚೀಟಿಯಲ್ಲೂ ಅದೇ ಸಂಖ್ಯೆ. ಆದರೆ ಯಂತ್ರ ತನ್ನ ಸ್ವಂತದ ಕೆಲಸಕ್ಕೆ ಐದು ಜಿಬಿ ಇಟ್ಟುಕೊಂಡೇ ಉಳಿದದ್ದನ್ನು ಕೊಡುತ್ತದೆ. ಇನ್ನೂರ ಐವತ್ತಾರನ್ನು ಪೂರ್ತಿಯಾಗಿ ಕೊಡಬಲ್ಲ ಯಂತ್ರ ಆ ಕೋಣೆಯಲ್ಲಿ ಒಂದೂ ಇರಲಿಲ್ಲ. ಬೇರೆ ಕೇಂದ್ರದಲ್ಲಾದರೆ ಇಂಥ ಕೋರಿಕೆ ಒಪ್ಪಿಸಿದ ಕ್ಷಣದಲ್ಲೇ ಹಿಂದಿರುಗುತ್ತಿತ್ತು. ಇಲ್ಲಿ ಹಾಗಿಲ್ಲ. ಹಿಂದಿನ ನಿರ್ದೇಶಕರೊಬ್ಬರು “ಯಾರನ್ನೂ ವಾಪಸ್ ಕಳಿಸ್ಬೇಡಿ, ಕಾಯಲಿ” ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಶೆಡ್ಯೂಲರನ್ನು ಹಾಗೆಯೇ ಹೊಂದಿಸಿಟ್ಟಿದ್ದರು. ಆಗದ ಕೋರಿಕೆಗೂ ಇಲ್ಲಿ ಕಾಯಲು ಜಾಗವಿತ್ತು.

ಸಂಜೆ ಮನೆಗೆ ಬಂದಾಗ ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಮದುವೆಯಾಗದ ಇಬ್ಬರದೂ ಒಂದೇ ಮನೆ. ಆಕೆ ವಿಷಯವನ್ನು ಅಕ್ಕನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದಳು: “ಎರಡು ಮೀಟರ್ ಬಟ್ಟೇಲಿ ಹೊಲಿಗೆಗೆ ಅಂಚು ಬಿಡದೆ ಪೂರಾ ಎರಡು ಮೀಟರ್ ಅಂಗಿ ಕೇಳಿದ್ರೆ ಹೆಂಗಕ್ಕ?”

“ಕೇಳಿದ್ದು ಯಾರು?”

“ನಿರ್ದೇಶಕರು.”

“ಹಂಗಾದ್ರೆ ಅಂಚು ಬಿಟ್ಟು ಹೊಲಿದು, ಪೂರಾ ಎರಡು ಮೀಟರ್ ಅಂತ ಕೊಟ್ಟುಬಿಡೇ. ಅಳೆದು ನೋಡ್ತಾರಾ?”

“ಬರವಣಿಗೆಯಲ್ಲಿ ಒಪ್ಪಿಗೆ ಇಲ್ದೆ ಇನ್ನೊಬ್ಬರ ಜಾಬ್ ಮುಟ್ಟೋ ಹಂಗಿಲ್ಲಕ್ಕ.”

“ಒಪ್ಪಿಗೆ ಕೇಳೋಕೆ ಹೋದ್ರೆ, ನಿಮಗೆ ಗೊತ್ತಿಲ್ಲ ಸ್ವಾಮಿ ಅಂದಂಗಾಗುತ್ತೆ. ಹುದ್ದೆ ಬೇಕೋ, ನಿಯಮ ಬೇಕೋ?” ಅಕ್ಕ ಹಲ್ಲಿನಿಂದ ದಾರ ಕಚ್ಚಿ ತುಂಡರಿಸಿದಳು. “ಹತ್ತೊಂಬತ್ತು ವರ್ಷ ನಿಯಮಾನೇ ಉಟ್ಕೊಂಡು ತಿರುಗಿದೀಯ. ಮೈ ಮುಚ್ತಾ?”

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಆಕೆ ಇನ್ನೂರ ಐವತ್ತಾರನ್ನು ಇನ್ನೂರ ಐವತ್ತು ಮಾಡಿದಳು. ನಾಲ್ಕು ನಿಮಿಷದಲ್ಲಿ ಜಾಬ್ ಓಡತೊಡಗಿತು. ಹಿಂದಿದ್ದವೂ ಒಂದರ ಹಿಂದೊಂದು ಹೊರಟವು. ಆಕೆ ಮುಖ ತೊಳೆದುಕೊಂಡು ಬಂದು ಕುಳಿತಳು.

ಮಂಗಳವಾರ ನಿರ್ದೇಶಕರು ಇಬ್ಬರನ್ನೂ ಕರೆಸಿದರು.

“ನೋಡಿದ್ರಾ? ಸರಿಯಾಗಿ ಗಡುವಿನ ದಿನಾನೇ ಓಡ್ತು. ಅಂದ್ರೆ ಹತ್ತು ದಿನ ನಿದ್ದೆ ಹೊಡೀತಾ ಇದ್ರಿ. ಇದನ್ನೇ ಬರೀಬೇಕಾಗುತ್ತೆ ಮೇಡಂ.”

ಆಕೆಗೆ ಹೇಳದೆ ಗತ್ಯಂತರವಿರಲಿಲ್ಲ. “ಸರ್, ಯಂತ್ರಗಳು ಅಷ್ಟು ಮೆಮೊರಿ ಕೊಡಲ್ಲ. ನೀವು ಕೇಳಿದ್ದು ಸ್ವಲ್ಪ ಜಾಸ್ತಿ ಆಗಿತ್ತು. ನಾನೇ ಕಮ್ಮಿ ಮಾಡ್ದೆ.”

“ಯಂತ್ರದ ಮೈಮೇಲೆ ಇನ್ನೂರ ಐವತ್ತಾರು ಅಂತ ಬರೆದಿದೆ. ಇಲ್ಲ ಅನ್ನೋಕೆ ನೀವ್ಯಾರು?” ನಿರ್ದೇಶಕರು ಕಿರಿಯಳತ್ತ ತಿರುಗಿದರು. “ನನ್ನ ಜಾಬ್ ಯಾರು ಮುಟ್ಟಿದ್ದು ಅಂತ ದಾಖಲೆ ತೆಗೀಮ್ಮ.”

ಕಿರಿಯಳು ನಿಂತಲ್ಲೇ ದಾಖಲೆ ತೆಗೆದು ಓದಿದಳು: ದಿನಾಂಕ, ಹತ್ತು ಗಂಟೆ ಎರಡು ನಿಮಿಷ, ಆಕೆಯ ಗುರುತು. ದಾಖಲೆಯಲ್ಲಿ ಇಂಥ ಸಾಲನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಹುಡುಕುವುದನ್ನು ಅವಳಿಗೆ ಕಲಿಸಿದವಳು ಆಕೆಯೇ.

“ಎರಡು ಥರ ಬರೀಬಹುದು,” ನಿರ್ದೇಶಕರ ದನಿ ಮೆತ್ತಗಾಯಿತು. “ಕೆಲಸದಲ್ಲಿ ಅಸಡ್ಡೆ ಅಂತ ಬರೀಲಾ, ಒಪ್ಪಿಗೆ ಇಲ್ದೆ ಇನ್ನೊಬ್ಬರ ಜಾಬಿಗೆ ಕೈ ಹಾಕಿದ್ರಿ ಅಂತ ಬರೀಲಾ? ನೀವೇ ಆರಿಸಿ. ನಾನೇನು ಕಟುಕ ಅಲ್ಲ.”

ಎರಡನೆಯದನ್ನು ಬರೆದರೆ ಇನ್ನಾವ ಗಣಕ ಕೇಂದ್ರವೂ ಆಕೆಯನ್ನು ಹೊಸಿಲು ದಾಟಗೊಡದು. ಮೊದಲನೆಯದು ಈ ಗುತ್ತಿಗೆಯನ್ನಷ್ಟೇ ಮುಗಿಸುತ್ತದೆ ಎಂದು ಆಕೆ ಲೆಕ್ಕ ಹಾಕಿದಳು.

“ಅಸಡ್ಡೆ ಅಂತ್ಲೇ ಬರೀರಿ ಸರ್.”

“ನೀವೇ ಬರೆದುಕೊಡಿ. ನಿಮ್ಮ ಅಕ್ಷರ ದುಂಡಗಿದೆ.”

ಆಕೆ ಬರೆದುಕೊಟ್ಟಳು. ‘ಅಸಡ್ಡೆ’ಯಲ್ಲಿ ಒತ್ತು ಬಿಟ್ಟುಹೋಗಿದೆ ಎಂದು ನಿರ್ದೇಶಕರು ಹಾಳೆಯನ್ನು ಹಿಂದಕ್ಕೆ ತಳ್ಳಿ ಮತ್ತೊಮ್ಮೆ ಬರೆಸಿದರು.

ಕೆಲಸ ಒಪ್ಪಿಸಿಕೊಡಲು ಮೂರು ದಿನ ಕೊಟ್ಟಿದ್ದರು. ಮೂರನೆಯ ದಿನ ನಿರ್ದೇಶಕರ ಜಾಬ್ ಮುಗಿಯಿತು. ಕಿರಿಯಳು ಅದರ ವಿವರವನ್ನು ಪರದೆಯ ಮೇಲೆ ತಂದು ನಕ್ಕಳು.

“ನೋಡಿ ಮೇಡಂ, ಒಂದೊಂದು ಯಂತ್ರದಲ್ಲೂ ಬಳಸಿರೋದು ಬರೀ ಮೂವತ್ತೊಂದು ಜಿಬಿ!”

“ಅವರಿಗೆ ಹೇಳ್ತೀಯಾ?”

“ನನಗೇನು ತಲೆ ಕೆಟ್ಟಿದೆಯಾ? ನಿಮ್ಮನ್ನ ನೋಡಿ ಇಷ್ಟೂ ಕಲೀದಿದ್ರೆ ಹೆಂಗೆ?” ಎಂದಳು ಕಿರಿಯಳು. ಬಳಿಕ ಕೈಚಾಚಿ, ಕೋಣೆಯ ಬೀಗದ ಕೈಯನ್ನೂ ಕೊರಳ ಗುರುತುಚೀಟಿಯನ್ನೂ ತೆಗೆದುಕೊಂಡಳು.

ಬೇರೆ ಎರಡು ಕೇಂದ್ರಗಳು ಆಕೆಯ ಅರ್ಜಿ ನೋಡಿ, ಹಿಂದಿನ ಕಡೆಯಿಂದ ಪತ್ರ ತರಿಸಿಕೊಂಡವು. ಎರಡಕ್ಕೂ ಹೋದದ್ದು ದುಂಡಗಿನ ಅಕ್ಷರದ ಆ ಹಾಳೆಯ ನಕಲೇ. ಈಗ ಆಕೆ ಅಕ್ಕನ ಮುಂದೆ ನೆಲದ ಮೇಲೆ ಕುಳಿತು ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ. ಪ್ರತಿಯೊಂದನ್ನೂ ಎರಡೆರಡು ಸಲ ಎಳೆದು ನೋಡುತ್ತಾಳೆ.

“ಬೇಗ ಮಾಡೇ,” ಎನ್ನುತ್ತಾಳೆ ಅಕ್ಕ, ತಲೆ ಎತ್ತದೆ. “ಗಿರಾಕಿಗಳು ಕಾಯ್ತಾ ಇದಾರೆ.”